ಜಿಪ್ ಡಿಸ್ಕಿಗೆ ನಿಜವಾದ ಪೈಪೋಟಿ ಎಲ್ಲಿಂದ ಬಂತು?

ಕಂಪನಿಯೊಂದರ ಷೇರು ಕೊಳ್ಳುವ ಮೊದಲು ಅದರ ಪ್ರತಿಸ್ಪರ್ಧಿಗಳು ಯಾರೆಂದು ಬರೆದು ತನ್ನಿ ಎಂದರೆ, ನನ್ನ ಬಳಿ ಸಲಹೆಗೆ ಬರುವ ಹೆಚ್ಚಿನವರು ಅದೇ ಬಗೆಯ ವಸ್ತುವನ್ನು ತಯಾರಿಸುವ ಎರಡು ಮೂರು ಕಂಪನಿಗಳ ಹೆಸರು ಬರೆದು ತರುತ್ತಾರೆ. ಆಗೆಲ್ಲ ನಾನು ಅವರ ಮುಂದಿಡುವುದು ಅಮೆರಿಕದ ಅಯೋಮೆಗಾ ಕಂಪನಿಯ ಲೆಕ್ಕವನ್ನು.

ಯೂಟಾ ರಾಜ್ಯದ ರಾಯ್ ಎಂಬ ಊರಿನ ಈ ಕಂಪನಿ 1995ರ ಮಾರ್ಚ್‌ನಲ್ಲಿ ಜಿಪ್ ಡ್ರೈವನ್ನು, ಅಂದರೆ ಕಂಪ್ಯೂಟರಿನ ಕಡತಗಳನ್ನು ಬೇರೆಡೆಗೆ ಒಯ್ಯಬಹುದಾದ ಡಿಸ್ಕಿಗೆ ತುಂಬುವ ಸಾಧನವನ್ನು, ಮಾರುಕಟ್ಟೆಗೆ ತಂದಿತು. ಡ್ರೈವಿಗೆ ಸುಮಾರು 200 ಡಾಲರ್, 100 ಮೆಗಾಬೈಟ್ ಹಿಡಿಸುವ ಡಿಸ್ಕಿಗೆ ಸುಮಾರು 20 ಡಾಲರ್. ಅಷ್ಟೇ ಮಾಹಿತಿಯನ್ನು ತುಂಬಲು ಆಗ 70 ಫ್ಲಾಪಿಗಳು ಬೇಕಾಗುತ್ತಿದ್ದವು. 1994ರಲ್ಲಿ 14 ಕೋಟಿ ಡಾಲರ್‌ನಷ್ಟಿದ್ದ ವಹಿವಾಟು 1996ರಲ್ಲಿ 120 ಕೋಟಿ ದಾಟಿತು. ಅದೇ ವರ್ಷದ ಮೇ ತಿಂಗಳಲ್ಲಿ ಷೇರುಗಳ ಒಟ್ಟು ಮಾರುಕಟ್ಟೆ ಮೌಲ್ಯ 500 ಕೋಟಿ ಡಾಲರ್‌ಗಳನ್ನು ಮೀರಿತ್ತು. ಕಾರ್ಖಾನೆ ರಜಾ ದಿನವೂ ನಡೆಯುತ್ತಿದೆಯೇ ಎಂದು ತಿಳಿಯಲು ಸಣ್ಣ ಹೂಡಿಕೆದಾರರು ವಾರಾಂತ್ಯದಲ್ಲಿ ರಾಯ್‌ಗೆ ಹೋಗಿ, ಅಲ್ಲಿ ನಿಂತಿದ್ದ ಕಾರುಗಳನ್ನು ಎಣಿಸಿ ಬಂದಿದ್ದರು. ಅವರ ಶ್ರದ್ಧೆಯ ಬಗ್ಗೆ ನನಗೆ ಇಂದಿಗೂ ಗೌರವವಿದೆ.

ಅವರ ನಡುವಿನ ವಾದವೆಲ್ಲ ಸುತ್ತುತ್ತಿದ್ದುದು ಕ್ಯಾಲಿಫೋರ್ನಿಯಾದ ಸೈಕ್ವೆಸ್ಟ್ ಕಂಪನಿಯ ಸುತ್ತ. ಅದರ ಇಜೆಡ್135 ಡ್ರೈವ್ 135 ಮೆಗಾಬೈಟ್ ಹಿಡಿಸುತ್ತಿತ್ತು, ವೇಗದಲ್ಲಿಯೂ ಜಿಪ್‌ಗಿಂತ ಮುಂದಿತ್ತು, ಅದಕ್ಕೆ ಹಾಕುವ ಡಿಸ್ಕಿನ (ಕಾರ್ಟ್ರಿಜ್) ಬೆಲೆಯೂ 20 ಡಾಲರ್ ಆಸುಪಾಸಿನಲ್ಲಿತ್ತು. ಯಂತ್ರ ಉತ್ತಮವಾಗಿರುವವರೇ ಗೆಲ್ಲುತ್ತಾರೆ ಎಂದು ಒಂದು ಪಕ್ಷ, ಹೆಚ್ಚು ಮನೆಗಳನ್ನು ಮೊದಲು ಸೇರಿದವರೇ ಗೆಲ್ಲುತ್ತಾರೆ ಎಂದು ಇನ್ನೊಂದು ಪಕ್ಷ. ಎರಡನೆಯವರ ಮಾತೇ ನಿಜವಾಯಿತು: 1996ರ ಹಣಕಾಸು ವರ್ಷದಲ್ಲಿ 13 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ ಅನುಭವಿಸಿದ ಸೈಕ್ವೆಸ್ಟ್ 1998ರ ನವೆಂಬರ್‌ನಲ್ಲಿ ಬಾಗಿಲು ಮುಚ್ಚಿತು.

ಆದರೆ ಅಯೋಮೆಗಾದ ಲಾಭವಿದ್ದದ್ದು ಡ್ರೈವಿನಲ್ಲಲ್ಲ, ಡಿಸ್ಕಿನಲ್ಲಿ. ಡ್ರೈವನ್ನು ಕಡಿಮೆ ಲಾಭಕ್ಕೆ ಕೊಟ್ಟು, ಕೊಂಡವರು ಮುಂದೆ ವರ್ಷಗಟ್ಟಲೆ ಕೊಳ್ಳುವ ಡಿಸ್ಕುಗಳಿಂದ ಹಣ ಗಳಿಸುವುದು ಅದರ ಯೋಜನೆಯಾಗಿತ್ತು. ಜಿಪ್ ಡ್ರೈವಿಗೆ ಹೊಂದುವ ಡಿಸ್ಕುಗಳನ್ನು ಫ್ರಾನ್ಸಿನ ನೊಮಾಯ್ ಎಂಬ ಸಣ್ಣ ಕಂಪನಿ ತಯಾರಿಸತೊಡಗಿದಾಗ ಅಯೋಮೆಗಾ ನ್ಯಾಯಾಲಯದ ಮೆಟ್ಟಿಲೇರಿದ್ದೂ, ಕೊನೆಗೆ 1998ರಲ್ಲಿ ಆ ಕಂಪನಿಯನ್ನೇ ತನ್ನದಾಗಿಸಿಕೊಂಡದ್ದೂ ಈ ಕಾರಣಕ್ಕೇ. ಹಾಗಾಗಿ ಹೂಡಿಕೆದಾರನು ಕೇಳಬೇಕಿದ್ದ ಪ್ರಶ್ನೆ, ಒಂದು ಡ್ರೈವಿಗೆ ಎಷ್ಟು ಡಿಸ್ಕುಗಳು ಮಾರಾಟವಾಗುತ್ತವೆ ಎಂಬುದು. ಕೆಲವರು ಇದನ್ನು ಕೇಳಿದ್ದರು, ಆದರೆ ಬಂದ ಉತ್ತರ ಮುಂದೆಯೂ ಹಾಗೆಯೇ ಇರುತ್ತದೆಂದು ನಂಬಿದರು.

ಆ ದಶಕದ ಕೊನೆಯಲ್ಲಿ ನಾನು ಬೆಂಗಳೂರಿನ ಷೇರು ದಲ್ಲಾಳಿ ಸಂಸ್ಥೆಯೊಂದರಲ್ಲಿ ಕೆಲಸಕ್ಕೆ ಸೇರಿದ ಹೊಸತು. ನಮ್ಮ ಮಾಸಿಕ ವರದಿಯ ಪುಟಗಳನ್ನು ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಡಿಟಿಪಿ ಕೇಂದ್ರದಿಂದ ಮುದ್ರಣಾಲಯಕ್ಕೆ ಒಯ್ಯುವುದು ನನ್ನ ಪಾಲಿಗೆ ಬಂದಿತ್ತು. ನೀಲಿ ಜಿಪ್ ಡಿಸ್ಕನ್ನು ಕೈಗಿಡುವಾಗ ಡಿಟಿಪಿಯವರು, 'ಮುದ್ರಣಕ್ಕೆ ಫಿಲ್ಮ್ ತೆಗೆದ ಕೂಡಲೇ ಡಿಸ್ಕ್ ವಾಪಸ್ ತಂದುಬಿಡಿ ಸಾರ್' ಎಂದು ತಪ್ಪದೆ ಹೇಳುತ್ತಿದ್ದರು. ನಾನು ಮುದ್ರಣಾಲಯದ ಬೆಂಚಿನ ಮೇಲೆ ಗಂಟೆಗಟ್ಟಲೆ ಕಾದು, ಅದನ್ನು ಹಿಡಿದುಕೊಂಡೇ ಮರಳುತ್ತಿದ್ದೆ. ಒಂದು ವರ್ಷ ಕಳೆಯುವುದರೊಳಗೆ ಅವರು ಸಿಡಿ ಬರೆದು ಕೊಡತೊಡಗಿದರು, ಅದನ್ನು ವಾಪಸ್ ಕೇಳಿದವರಿಲ್ಲ. ಒಂದೇ ಡಿಸ್ಕನ್ನು ನೂರು ಸಲ ತಿರುಗಿಸುವಷ್ಟು ಡಿಸ್ಕ್ ದುಬಾರಿಯಾಗಿದ್ದರೆ ಎರಡನೆಯ ಡಿಸ್ಕ್ ಮಾರಾಟವಾಗುವುದು ನಿಧಾನ ಎಂಬುದು ಆ ಬೆಂಚಿನ ಮೇಲೆ ಕುಳಿತಿದ್ದಾಗ ನನಗೆ ಹೊಳೆದಿರಲಿಲ್ಲ.

ಲೆಕ್ಕ ಬಹಳ ಸರಳ. ಜಿಪ್ ಡಿಸ್ಕಿನಲ್ಲಿ ಒಂದು ಮೆಗಾಬೈಟಿಗೆ 20 ಸೆಂಟ್. ಒಂದು ಡಾಲರಿನ ಆಸುಪಾಸಿಗೆ ಇಳಿದಿದ್ದ, 650 ಮೆಗಾಬೈಟ್ ಹಿಡಿಸುವ ಖಾಲಿ ಸಿಡಿಯಲ್ಲಿ ಕಾಲು ಸೆಂಟಿಗಿಂತಲೂ ಕಡಿಮೆ. ಅದೂ ಅಲ್ಲದೆ, ಸಿಡಿ ಓದುವ ಸಾಧನ ಎದುರಿನವರ ಕಂಪ್ಯೂಟರಿನಲ್ಲಿ ಆಗಲೇ ಇತ್ತು. ಫ್ಲಾಪಿಯನ್ನೂ ಓದಬಲ್ಲ ಎಲ್‌ಎಸ್‌-120 ಎಂಬ ಪೈಪೋಟಿಯ ಡ್ರೈವಿನ ಬಗೆಗೆ ಹೂಡಿಕೆದಾರರು ಪಟ್ಟ ಆತಂಕಕ್ಕೆ ಹೋಲಿಸಿದರೆ, ಈ ಸಿಡಿಯ ಕಡೆ ಅವರ ಗಮನ ಹೋದದ್ದು ಬಹಳ ಕಡಿಮೆ ಎಂದೇ ನನ್ನ ಅನಿಸಿಕೆ.

ಸೈಕ್ವೆಸ್ಟ್ ಮುಚ್ಚಿದ ಆ 1998ರಲ್ಲಿಯೇ ಗೆದ್ದ ಅಯೋಮೆಗಾ ಕೂಡ 5 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ ತೋರಿಸಿತು. 2000ದ ಹೊತ್ತಿಗೆ ಬೆರಳುದ್ದದ ಯುಎಸ್‌ಬಿ ಡ್ರೈವ್ ಬಂತು. 2008ರಲ್ಲಿ ಮಾಹಿತಿ ಸಂಗ್ರಹ ಸಾಧನಗಳ ಇಎಂಸಿ ಕಂಪನಿ ಇಡೀ ಅಯೋಮೆಗಾವನ್ನು ಕೊಂಡದ್ದು ಸುಮಾರು 21 ಕೋಟಿ ಡಾಲರ್‌ಗಳಿಗೆ.