ದೂರು ಕ್ಲೋಸ್ ಆಯ್ತು, ಗುಂಡಿ ಹಾಗೇ ಇದೆ

ರಸ್ತೆ ಗುಂಡಿಯ ಫೋಟೊ ತೆಗೆದು ಆ್ಯಪ್‌ಗೆ ಹಾಕುತ್ತೀರಿ. ದೂರಿನ ನಂಬರ್ ಬರುತ್ತದೆ. ನಾಲ್ಕು ದಿನ ಬಿಟ್ಟು ‘ನಿಮ್ಮ ದೂರು ಇತ್ಯರ್ಥವಾಗಿದೆ’ ಅಂತ ಮೆಸೇಜ್. ಹೋಗಿ ನೋಡಿದರೆ ಗುಂಡಿ ಆರಾಮವಾಗಿ ಅಲ್ಲೇ ಇದೆ. ಬಡಾವಣೆಯ ಸಂಘಗಳ ಜೊತೆ ಕೂತು ದೂರುಗಳ ಲೆಕ್ಕ, ನಕ್ಷೆ ಮಾಡಿಕೊಡುವುದು ನನ್ನ ಕೆಲಸ. ಹಾಗಾಗಿ ಈ ಕಥೆ ಕಿವಿಗೆ ಬೀಳುತ್ತಲೇ ಇರುತ್ತದೆ. ಹೇಳಿ ಮುಗಿಸುವಾಗ ಎಲ್ಲರ ಮಾತೂ ಒಂದೇ: ‘ಈ ಆ್ಯಪ್ ಎಲ್ಲ ಸುಮ್ನೆ, ಸಾರ್.’

ಆ್ಯಪ್ ಸುಮ್ನೆ ಅಲ್ಲ. ಆದರೆ ಅದರಿಂದ ಯಾವ ಕೆಲಸ ಆಗುತ್ತದೆ, ಯಾವುದು ಆಗುವುದಿಲ್ಲ ಅನ್ನುವುದು ಗೊತ್ತಿದ್ದರೆ ಅರ್ಧ ಸಿಟ್ಟು ಕಡಿಮೆಯಾಗುತ್ತದೆ.

ದೂರು ಒಳಗೆ ಹೋದ ಮೇಲೆ ಏನಾಗುತ್ತದೆ ನೋಡಿ. ನೀವು ಯಾವ ವಿಭಾಗ ಒತ್ತಿದ್ದೀರೋ ಅದನ್ನು ನೋಡಿಕೊಂಡು ದೂರು ಒಬ್ಬ ಎಂಜಿನಿಯರ್ ಲಾಗಿನ್‌ಗೆ ಹೋಗುತ್ತದೆ. ಅವರಿಗೆ ಗಡುವು ಇರುತ್ತದೆ. ಗಡುವು ದಾಟಿದರೆ ದೂರು ಮೇಲಿನವರ ಕಣ್ಣಿಗೆ ಬೀಳುತ್ತದೆ, ಮೀಟಿಂಗ್‌ನಲ್ಲಿ ಹೆಸರು ಬರುತ್ತದೆ. ಅಲ್ಲಿ ಎಣಿಸುವುದು ಮುಚ್ಚಿದ ದೂರುಗಳನ್ನು. ಮುಚ್ಚಿದ ಗುಂಡಿಗಳನ್ನು ಯಾರೂ ಎಣಿಸುವುದಿಲ್ಲ. ಹಾಗಿರುವಾಗ ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಅಂತ ಬರೆದು ಮುಗಿಸಿಬಿಡುವುದೇ ಸುಲಭ. ತಮಾಷೆ ಅಂದರೆ, ಎಷ್ಟೋ ಸಲ ಅದು ನಿಜವೂ ಹೌದು. ಬೆಂಗಳೂರಿನ ಒಂದೇ ರಸ್ತೆಯಲ್ಲಿ ಡಾಂಬರು ಪಾಲಿಕೆಯದು, ಪೈಪು ಜಲಮಂಡಳಿಯದು, ಕಂಬ ಬೆಸ್ಕಾಂನದು, ಸಿಗ್ನಲ್ ಪೊಲೀಸರದು.

ಒಂದು ಬಡಾವಣೆಯಲ್ಲಿ ನಡೆದದ್ದು ಹೇಳುತ್ತೇನೆ. ಅಲ್ಲಿನವರು ಕೊಟ್ಟ ದೂರುಗಳನ್ನೆಲ್ಲ ಒಂದು ಎಕ್ಸೆಲ್ ಶೀಟಿಗೆ ಹಾಕಿದೆವು. ಯಾವ ಆ್ಯಪ್, ಯಾವ ಇಲಾಖೆ ಅಂತ ನೋಡಲಿಲ್ಲ. ದಿನಾಂಕ, ಜಾಗ, ಏನು ತೊಂದರೆ, ಇಷ್ಟೇ. ಜಾಗದ ಪ್ರಕಾರ ಜೋಡಿಸಿದಾಗ ಒಂದು ಅಡ್ಡರಸ್ತೆಯ ತಿರುವು ಮತ್ತೆ ಮತ್ತೆ ಬಂತು. ಬೇರೆ ಬೇರೆ ಮನೆಯವರು, ಬೇರೆ ಬೇರೆ ತಿಂಗಳು, ಅದೇ ಗುಂಡಿ. ಪ್ರತಿ ಸಲವೂ ಡಾಂಬರು ಹಾಕಿದ್ದಕ್ಕೆ ಫೋಟೊ ಇತ್ತು. ದೂರು ಮುಚ್ಚಿದ್ದು ನ್ಯಾಯವಾಗಿಯೇ ಇತ್ತು. ಅದರ ಕೆಳಗಿನ ಸಾಲುಗಳಲ್ಲಿ ಅದೇ ತಿರುವಿನ ಮನೆಗಳಿಂದ ಇನ್ನೊಂದು ಇಲಾಖೆಗೆ ಹೋದ ದೂರು: ‘ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದೆ.’

ನೆಲದೊಳಗೆ ಪೈಪು ಸೋರುತ್ತಿತ್ತು. ನೀರು ಮಣ್ಣನ್ನು ಸಡಿಲ ಮಾಡುತ್ತಿತ್ತು, ಮೇಲೆ ಎಷ್ಟು ಡಾಂಬರು ಸುರಿದರೂ ಕುಸಿಯುತ್ತಿತ್ತು. ರಸ್ತೆಯವರಿಗೆ ನಲ್ಲಿಯ ದೂರು ಕಾಣುತ್ತಿರಲಿಲ್ಲ, ನೀರಿನವರಿಗೆ ಗುಂಡಿಯ ದೂರು ಕಾಣುತ್ತಿರಲಿಲ್ಲ. ಆ ಶೀಟಿನ ಪ್ರಿಂಟ್ ಹಿಡಿದು ಬಡಾವಣೆಯವರು ವಾರ್ಡ್ ಸಮಿತಿ ಸಭೆಗೆ, ಅಂದರೆ ವಾರ್ಡಿನ ಜನರೂ ಅಧಿಕಾರಿಗಳೂ ಒಟ್ಟಿಗೆ ಕೂರುವ ಸಭೆಗೆ ಹೋದರು. ಎರಡೂ ಕಡೆಯ ಎಂಜಿನಿಯರ್‌ಗಳನ್ನು ಎದುರುಬದುರು ಕೂರಿಸಿದರು. ಮೊದಲು ಪೈಪು, ಆಮೇಲೆ ಡಾಂಬರು ಅಂತ ಅಲ್ಲೇ ದಿನ ಗೊತ್ತುಮಾಡಿದರು. ಹೊಸ ಸಾಫ್ಟ್‌ವೇರ್ ಏನೂ ಬೇಕಾಗಲಿಲ್ಲ.

ಒಬ್ಬೊಬ್ಬರೇ ಕೊಟ್ಟ ದೂರನ್ನು ಒಟ್ಟು ಸೇರಿಸಿ ಊರಿನ ಮುಂದೆ ಇಡುವ ಈ ಉಪಾಯ ಬೆಂಗಳೂರಿಗೆ ಹೊಸದಲ್ಲ. 1993ರಲ್ಲೇ ಸ್ಯಾಮ್ಯುಯೆಲ್ ಪಾಲ್ ಎನ್ನುವವರು ಇದನ್ನು ಶುರು ಮಾಡಿದರು. ಅಹಮದಾಬಾದಿನ ಐಐಎಂಗೆ ನಿರ್ದೇಶಕರಾಗಿದ್ದವರು. ಅವರ ತಂಡ ಮನೆ ಮನೆಗೆ, ಕೊಳೆಗೇರಿಗಳಿಗೂ ಹೋಗಿ ನೀರು, ಕರೆಂಟು, ಕಸ, ಫೋನು, ಯಾವ ಸಂಸ್ಥೆ ಹೇಗೆ ಕೆಲಸ ಮಾಡುತ್ತಿದೆ, ಲಂಚ ಕೊಡಬೇಕಾಯಿತಾ ಅಂತ ಕೇಳಿತು. ಮಕ್ಕಳಿಗೆ ಶಾಲೆಯಲ್ಲಿ ಅಂಕಪಟ್ಟಿ ಕೊಟ್ಟ ಹಾಗೆ ಸಂಸ್ಥೆಗಳಿಗೆ ರಿಪೋರ್ಟ್ ಕಾರ್ಡ್ ಕೊಟ್ಟು ಪತ್ರಿಕೆಗಳ ಮುಂದೆ ಇಟ್ಟಿತು. ಅಂಕ ತೀರಾ ಕಡಿಮೆ ಬಂದಿತ್ತು. ಮುಂದೆ ಅವರೇ ಕಟ್ಟಿದ ಪಬ್ಲಿಕ್ ಅಫೇರ್ಸ್ ಸೆಂಟರ್ 1999ರಲ್ಲಿ, 2003ರಲ್ಲಿ ಮತ್ತೆ ಅದೇ ಸಮೀಕ್ಷೆ ಮಾಡಿತು. 2003ರ ಹೊತ್ತಿಗೆ ಜನರ ಸಮಾಧಾನ ಎದ್ದು ಕಾಣುವಷ್ಟು ಏರಿತ್ತು. ಇದೆಲ್ಲ ಆಗಿದ್ದು ಕಾಗದ, ಪೆನ್ನಿನಲ್ಲಿ. ನಿಮ್ಮ ನಲ್ಲಿಯ ಕಷ್ಟ ನಿಮ್ಮೊಬ್ಬರದೇ ಅಲ್ಲ ಅನ್ನುವುದು ಎಲ್ಲರಿಗೂ ಗೊತ್ತಾದದ್ದೇ ದೊಡ್ಡ ಕೆಲಸ.

ಹೀಗಾಗಿ ಯಾವುದಾದರೂ ಹೊಸ ದೂರಿನ ಆ್ಯಪ್ ಬಂದರೆ ನಾನು ಮೊದಲು ನೋಡುವುದು ಒಂದೇ: ಬೇರೆಯವರ ದೂರು ನನಗೆ ಕಾಣುತ್ತದಾ? 2007ರಲ್ಲಿ ಬ್ರಿಟನ್ನಿನ ಮೈಸೊಸೈಟಿ ಎಂಬ ಸಂಸ್ಥೆ ‘ಫಿಕ್ಸ್‌ಮೈಸ್ಟ್ರೀಟ್’ ಶುರು ಮಾಡಿದಾಗ ಅದರ ಜಾಣತನ ಇದ್ದದ್ದೇ ಅಲ್ಲಿ. ದೂರು ನಕ್ಷೆಯ ಮೇಲೆ ಎಲ್ಲರಿಗೂ ಕಾಣುತ್ತದೆ. ಪಕ್ಕದ ಬೀದಿಯವರು ಈಗಾಗಲೇ ಬರೆದಿದ್ದಾರಾ, ಪಾಲಿಕೆ ಏನು ಉತ್ತರ ಕೊಟ್ಟಿದೆ, ಎಲ್ಲ ಬಯಲು. ನಮ್ಮಲ್ಲಿ ದೂರು ಹೆಚ್ಚಾಗಿ ನಿಮ್ಮ ಫೋನು, ಅಧಿಕಾರಿಯ ಲಾಗಿನ್ ನಡುವಿನ ಗುಟ್ಟಾಗಿಯೇ ಉಳಿಯುತ್ತದೆ. ಗುಟ್ಟಾಗಿರುವ ದೂರನ್ನು ಮುಚ್ಚುವುದು ಬಹಳ ಸುಲಭ, ಅಲ್ವಾ?

ಇನ್ನೊಂದು ತೊಡಕು ಇದಕ್ಕಿಂತ ಜಾಸ್ತಿ ಕಾಡುವಂಥದ್ದು. ದೂರಿನ ನಕ್ಷೆಯಲ್ಲಿ ಚುಕ್ಕೆ ಎಲ್ಲಿ ಹೆಚ್ಚು? ಒಳ್ಳೆ ಫೋನು, ಬಿಡುವು, ಧೈರ್ಯ ಇರುವವರ ಬೀದಿಗಳಲ್ಲಿ. ಅಮೆರಿಕದ ಬಾಸ್ಟನ್ ನಗರ ‘ಸ್ಟ್ರೀಟ್ ಬಂಪ್’ ಅಂತ ಒಂದು ಆ್ಯಪ್ ತಂದಿತ್ತು. ಕಾರಿನಲ್ಲಿ ಫೋನು ಇಟ್ಟರೆ ಸಾಕು, ಗಾಡಿ ಕುಲುಕಿದ ಕಡೆ ಗುಂಡಿ ಅಂತ ತಾನೇ ಗುರುತು ಹಾಕಿಕೊಳ್ಳುತ್ತಿತ್ತು. ಉಪಾಯ ಚೆನ್ನಾಗಿತ್ತು. ಆದರೆ ಕಾರೂ ಸ್ಮಾರ್ಟ್‌ಫೋನೂ ಕಡಿಮೆ ಇರುವ ಕಡೆ ಗುಂಡಿಯೇ ಇಲ್ಲ ಅಂದಹಾಗೆ ಆಗುವ ಅಪಾಯ ಇತ್ತು. ನಮ್ಮ ಕೊಳೆಗೇರಿಗಳದ್ದೂ ಇದೇ ಕಥೆ. ಅಲ್ಲಿನ ಹೆಂಗಸರು ನೀರಿನ ಟ್ಯಾಂಕರ್ ಬರುವ ಹೊತ್ತು ತಪ್ಪದೆ ಹೇಳುತ್ತಾರೆ, ಆದರೆ ಅದನ್ನು ಆ್ಯಪ್‌ಗೆ ಹಾಕಿದವರು ಯಾರೂ ಇರುವುದಿಲ್ಲ. ಚುಕ್ಕೆ ಇಲ್ಲದ ಜಾಗ ಕಂಡರೆ ನಾವು ಪ್ರಿಂಟ್ ಮಾಡಿದ ನಕ್ಷೆ, ಸ್ಕೆಚ್ ಪೆನ್ನು ಹಿಡಿದು ಅಲ್ಲಿಗೇ ಹೋಗುತ್ತೇವೆ. ಇನ್ನು ಕಸ ಸುರಿಯುವ ಬ್ಲ್ಯಾಕ್ ಸ್ಪಾಟ್‌ಗಳ ವಿಷಯಕ್ಕೆ ಬಂದರೆ ಪೌರಕಾರ್ಮಿಕರನ್ನು ಮೀರಿಸಿದ ಡೇಟಾಬೇಸ್ ಇಲ್ಲ. ಯಾವ ಮೂಲೆಗೆ ರಾತ್ರಿ ಎಷ್ಟು ಹೊತ್ತಿಗೆ ಯಾರ ಆಟೊ ಬಂದು ಕವರ್ ಎಸೆಯುತ್ತದೆ ಅನ್ನುವುದೂ ಅವರಿಗೆ ಗೊತ್ತು. ಯಾರೂ ಅವರನ್ನು ಕೇಳುವುದಿಲ್ಲ, ಅಷ್ಟೇ.

ದೊಡ್ಡ ಹೋರಾಟಗಳಲ್ಲಿ ಫೋನಿನ ಬಲ ಏನು ಅಂತ ಈ ಊರು ನೋಡಿದೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಸೇತುವೆ ಬೇಡ ಅಂತ 2016ರ ಅಕ್ಟೋಬರ್ 16ರಂದು ಸಾವಿರಾರು ಜನ ರಸ್ತೆ ಬದಿ ಕೈ ಕೈ ಹಿಡಿದು ನಿಂತರು. ವಾಟ್ಸ್ಆ್ಯಪ್, ಟ್ವಿಟರ್‌ನಲ್ಲಿ ಸುದ್ದಿ ಹಬ್ಬಿತ್ತು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ‘ಬೇಡ’ ಅನ್ನಲು ಒಂದು ದಿನ ಸೇರಿದರೂ ಆಗುತ್ತದೆ. ‘ನಮಗೆ ಈ ಫುಟ್‌ಪಾತ್ ಬೇಕು, ಹೀಗೆ ಬೇಕು’ ಅನ್ನಲು ಪ್ರತಿ ತಿಂಗಳೂ ಸೇರಬೇಕು. ಅದು ಬೇಜಾರಿನ ಕೆಲಸ, ಅದಕ್ಕೆ ಹ್ಯಾಶ್‌ಟ್ಯಾಗ್ ಇಲ್ಲ.

ಆ ಸೇರುವ ಜಾಗವನ್ನು ಕಾನೂನು ಕೊಟ್ಟಿದೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಊರುಗಳಲ್ಲಿ ವಾರ್ಡ್ ಸಮಿತಿ ಇರಬೇಕು ಅನ್ನುತ್ತದೆ. ಬೆಂಗಳೂರಿನಲ್ಲಿ ಇದು ಸರಿಯಾಗಿ ಶುರುವಾಗಲು ಜನ ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. 2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ, ವಾರ್ಡುಗಳನ್ನು ನೋಡಿಕೊಂಡದ್ದು ನೋಡಲ್ ಅಧಿಕಾರಿಗಳು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಅಂತಿದ್ದ ಒಂದೇ ಪಾಲಿಕೆ ಹೋಗಿ ಐದು ಪಾಲಿಕೆಗಳು ಬಂದವು. ಆಡಳಿತದ ಗಡಿ ಬದಲಾದಾಗ ದೂರು ಯಾರ ಲಾಗಿನ್‌ಗೆ ಹೋಗಬೇಕು ಅನ್ನುವುದೂ ಬದಲಾಗುತ್ತದೆ. ನಿಮ್ಮ ಮನೆ ಯಾವ ಪಾಲಿಕೆ, ಯಾವ ವಾರ್ಡಿಗೆ ಬರುತ್ತದೆ ಅಂತ ಒಮ್ಮೆ ನೋಡಿಟ್ಟುಕೊಳ್ಳಿ.

ಸಭೆಗೆ ಹೋಗುವವರಿಗೆ ನಾನು ಕೊಡುವ ಸಲಹೆ ಬಹಳ ಸಣ್ಣದು. ಅಹವಾಲು ಹೇಳಿ ಬಂದರೆ ಆಗಲಿಲ್ಲ, ಅದು ನಡಾವಳಿಯಲ್ಲಿ ಬಂತಾ ನೋಡಿ. ಯಾರು, ಯಾವ ದಿನಾಂಕದೊಳಗೆ ಮಾಡುತ್ತಾರೆ ಅಂತ ಬರೆಸಿ. ನಡಾವಳಿಯ ಫೋಟೊವನ್ನು ಬಡಾವಣೆಯ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿ, ಗುಡ್ ಮಾರ್ನಿಂಗ್ ಚಿತ್ರಗಳ ನಡುವೆ ಕಳೆದುಹೋಗದ ಹಾಗೆ ಪಿನ್ ಮಾಡಿ. ಮುಂದಿನ ಸಭೆ ಆ ಹಾಳೆ ಓದುವುದರಿಂದಲೇ ಶುರುವಾಗಲಿ. ದೂರು ಬರೆಯುವಾಗ ಒಂದು ಬೀದಿಯ ಐದಾರು ಮನೆಯವರು ಒಂದೇ ವಾರ ಬರೆಯಿರಿ, ಹಳೆಯ ದೂರಿನ ನಂಬರ್ ಹೊಸದರಲ್ಲಿ ಸೇರಿಸಿ. ರಸ್ತೆಯ ವಿಷಯವಾದರೆ ಡಾಂಬರು ಕೊನೆಗೆ ಹಾಕಿದ್ದು ಯಾವಾಗ, ಗುತ್ತಿಗೆದಾರರ ಹೊಣೆ ಯಾವತ್ತಿನವರೆಗೆ ಇದೆ ಅಂತ ಎಂಜಿನಿಯರ್ ಹತ್ತಿರ ಕೇಳಿ, ಕೊಡದಿದ್ದರೆ ಆರ್‌ಟಿಐ ಹಾಕಿ. ಆ ಅವಧಿಯೊಳಗೆ ರಸ್ತೆ ಕಿತ್ತುಹೋದರೆ ಸರಿಮಾಡುವ ಖರ್ಚು ಗುತ್ತಿಗೆದಾರರದೇ.