ಜನ ಆರಿಸಿದವನನ್ನು ಸದನ ತಡೆಯಬಹುದೇ? ಜೂಲಿಯನ್ ಬಾಂಡ್ ಪ್ರಕರಣದ ಹಿನ್ನೆಲೆ

1966ರ ಜನವರಿ 10. ಅಮೆರಿಕದ ಜಾರ್ಜಿಯಾ ರಾಜ್ಯದ ಕೆಳಮನೆಯಲ್ಲಿ ಹೊಸ ಸದಸ್ಯರ ಪ್ರಮಾಣವಚನ. ಎಲ್ಲರ ಜೊತೆ ಬಂದಿದ್ದ 25 ವರ್ಷದ ಕಪ್ಪು ಯುವಕ ಜೂಲಿಯನ್ ಬಾಂಡ್ ಅವರನ್ನು ಮಾತ್ರ ಪಕ್ಕಕ್ಕೆ ನಿಲ್ಲಿಸಿದರು. ವಿಚಾರಣೆ ನಡೆಯಿತು, ಮತಕ್ಕೆ ಹಾಕಿದರು. ಅವರನ್ನು ಸೇರಿಸಿಕೊಳ್ಳುವುದು ಬೇಡ ಎಂದವರು 184 ಮಂದಿ, ಬೇಕು ಎಂದವರು ಬರೀ 12. ಅದೇ ಬಾಂಡ್‌ಗೆ ಅಟ್ಲಾಂಟಾದ 136ನೇ ಕ್ಷೇತ್ರದ ಜನ ಶೇ. 82ರಷ್ಟು ಮತ ಕೊಟ್ಟು ಕಳಿಸಿದ್ದರು.

ಈ ಕಥೆ ಶುರುವಾಗುವುದು ಅದಕ್ಕೂ ನೂರು ವರ್ಷ ಹಿಂದೆ. ಅಂತರ್ಯುದ್ಧ ಮುಗಿದ ಮೇಲೆ, 1868ರಲ್ಲಿ, ಜಾರ್ಜಿಯಾ ಶಾಸನಸಭೆಗೆ 33 ಕಪ್ಪು ಸದಸ್ಯರು ಗೆದ್ದು ಬಂದರು. ಕೆಲವೇ ತಿಂಗಳಲ್ಲಿ ಅವರಲ್ಲಿ ಹೆಚ್ಚಿನವರನ್ನು ಬಿಳಿಯ ಸದಸ್ಯರು ಹೊರಹಾಕಿದರು. ಕಪ್ಪು ಜನರಿಗೆ ಮತ ಹಾಕುವ ಹಕ್ಕಿದೆ, ಅಧಿಕಾರದಲ್ಲಿ ಕೂರುವ ಹಕ್ಕಿಲ್ಲ ಎನ್ನುವುದು ಅವರ ವಾದ. ವಾಷಿಂಗ್ಟನ್ನಿನ ಒತ್ತಡದಿಂದ 1870ರಲ್ಲಿ ಇವರು ಮರಳಿ ಬಂದರೂ, ಆಮೇಲೆ ಬಂದ ಕಾನೂನುಗಳು ಕಪ್ಪು ಮತದಾರರನ್ನೇ ಮತಗಟ್ಟೆಯಿಂದ ದೂರ ಇಟ್ಟವು. 20ನೇ ಶತಮಾನದಲ್ಲಿ ಅರ್ಧ ಶತಮಾನಕ್ಕೂ ಜಾಸ್ತಿ ಕಾಲ ಆ ಸಭೆಯಲ್ಲಿ ಒಬ್ಬ ಕಪ್ಪು ಸದಸ್ಯನೂ ಇರಲಿಲ್ಲ. 1962ರಲ್ಲಿ ಕಪ್ಪು ಅಭ್ಯರ್ಥಿ ಲೆರಾಯ್ ಜಾನ್ಸನ್ ರಾಜ್ಯದ ಮೇಲ್ಮನೆಯಾದ ಸೆನೆಟ್‌ಗೆ ಗೆದ್ದಾಗ ಆ ಬಾಗಿಲು ಸ್ವಲ್ಪ ತೆರೆಯಿತು.

ಸೀಟು ಹಂಚಿಕೆಯೂ ಅನ್ಯಾಯದ್ದೇ. ಜನ ಎಷ್ಟೇ ಇರಲಿ, ಪ್ರತಿ ಕೌಂಟಿಗೂ (ನಮ್ಮ ಜಿಲ್ಲೆಯಂಥ ಘಟಕ) ಕೆಳಮನೆಯಲ್ಲಿ ಒಂದೋ ಎರಡೋ ಮೂರೋ ಸೀಟು, ಅಷ್ಟೇ. ಅಟ್ಲಾಂಟಾದ ಲಕ್ಷಾಂತರ ಜನರಿಗೂ ಮೂರೇ. ಜನಸಂಖ್ಯೆಗೆ ತಕ್ಕಂತೆ ಕ್ಷೇತ್ರಗಳಿರಬೇಕು ಎಂದು 1964ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಹೊಸ ಕ್ಷೇತ್ರಗಳು ಹುಟ್ಟಿದವು. 1965ರ ಆ ವಿಶೇಷ ಚುನಾವಣೆಯಲ್ಲೇ ಬಾಂಡ್ ಗೆದ್ದದ್ದು.

ಹಾಗಾದರೆ ಅವರು ಮಾಡಿದ ತಪ್ಪೇನು? ವಿಯೆಟ್ನಾಂ ಯುದ್ಧ ಬೇಡ ಎಂದದ್ದು. ಬಾಂಡ್ ಆಗ ವಿದ್ಯಾರ್ಥಿಗಳ ನಾಗರಿಕ ಹಕ್ಕು ಸಂಘಟನೆ 'ಸ್ನಿಕ್'ನ ಪ್ರಚಾರದ ಹೊಣೆ ಹೊತ್ತಿದ್ದರು. 1960ರಲ್ಲಿ ಅದನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. 1966ರ ಜನವರಿ ಮೊದಲ ವಾರದಲ್ಲಿ ಅಲಬಾಮಾದ ಟಸ್ಕೀಗಿಯ ಪೆಟ್ರೋಲ್ ಬಂಕ್ ಒಂದರಲ್ಲಿ ಸ್ಯಾಮಿ ಯಂಗ್ ಎಂಬ ಯುವಕ ಗುಂಡಿಗೆ ಬಲಿಯಾದ. ಬಿಳಿಯರಿಗೆ ಮೀಸಲಾದ ಶೌಚಾಲಯ ಬಳಸಲು ಹೋದದ್ದೇ ಕಾರಣ. ಆತ ನೌಕಾಪಡೆಯಲ್ಲಿ ಕೆಲಸ ಮಾಡಿ ಬಂದಿದ್ದವ. ಜನವರಿ 6ರಂದು ಸ್ನಿಕ್ ಈ ಸಾವನ್ನೂ ಯುದ್ಧವನ್ನೂ ಜೋಡಿಸಿ ಕಟು ಹೇಳಿಕೆ ಕೊಟ್ಟಿತು. ಕಡ್ಡಾಯ ಸೈನ್ಯ ಸೇವೆಗೆ ಹೋಗಲ್ಲ ಎನ್ನುವವರ ಪರ ನಾವಿದ್ದೇವೆ ಎಂದಿತು. ಬಾಂಡ್ ಅದನ್ನು ಬರೆದವರಲ್ಲ. ರೇಡಿಯೊ ವರದಿಗಾರನೊಬ್ಬ ಫೋನ್ ಮಾಡಿ ಕೇಳಿದಾಗ, ಹೌದು, ನಾನಿದನ್ನು ಒಪ್ಪುತ್ತೇನೆ ಎಂದರು. ಅಷ್ಟು ಸಾಕಾಯಿತು. ಇಂಥವರು ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣವನ್ನು ಪ್ರಾಮಾಣಿಕವಾಗಿ ಮಾಡಲಾರರು ಎಂದು 75 ಸದಸ್ಯರು ಆಕ್ಷೇಪ ಸಲ್ಲಿಸಿದರು.

ವಿಚಾರಣೆಯಲ್ಲಿ, ಯುದ್ಧ ವಿರೋಧಿಸಿ ಸೇನಾ ನೋಂದಣಿ ಕಾರ್ಡ್ ಸುಡುವವರ ಮಾತು ಬಂತು. ಅವರ ಧೈರ್ಯ ಮೆಚ್ಚುತ್ತೇನೆ, ಆದರೆ ಸುಡಿ ಎಂದು ಯಾರಿಗೂ ಹೇಳಿಲ್ಲ ಎಂದರು ಬಾಂಡ್. ತಮ್ಮ ಕಾರ್ಡ್ ಜೇಬಿನಲ್ಲೇ ಇದೆ, ಬೇಕಿದ್ದರೆ ತೋರಿಸುತ್ತೇನೆ ಎಂದೂ ಹೇಳಿದರು. ನನಗೆ ಇಡೀ ಪ್ರಕರಣದಲ್ಲಿ ಮನಸ್ಸಿಗೆ ನಾಟುವುದು ಈ ಉತ್ತರವೇ. ಮಾತನ್ನು ಹಿಂತೆಗೆದುಕೊಂಡಿದ್ದರೆ ಕುರ್ಚಿ ಸಿಗುತ್ತಿತ್ತೇನೋ. ಅವರು ಅದಕ್ಕೆ ಒಪ್ಪಲಿಲ್ಲ.

ಬಾಂಡ್ ಕೋರ್ಟಿಗೆ ಹೋದರು. ಕೆಳಗಿನ ಕೋರ್ಟಿನ ಮೂವರು ನ್ಯಾಯಾಧೀಶರಲ್ಲಿ ಇಬ್ಬರು ಸದನದ ಪರ ನಿಂತರು. ಖಾಲಿ ಸೀಟಿಗೆ ಫೆಬ್ರವರಿಯಲ್ಲಿ ಚುನಾವಣೆ ನಡೆದಾಗ ಜನ ಮತ್ತೆ ಬಾಂಡ್ ಅವರನ್ನೇ ಆರಿಸಿದರು. ಸದನ ಮತ್ತೆ ಒಲ್ಲೆ ಎಂದಿತು. ನವೆಂಬರಿನಲ್ಲಿ ಮೂರನೇ ಸಲ ಗೆದ್ದರು.

ಡಿಸೆಂಬರ್ 5ರಂದು ಸುಪ್ರೀಂ ಕೋರ್ಟ್ ಒಮ್ಮತದಿಂದ ಬಾಂಡ್ ಪರ ತೀರ್ಪು ಕೊಟ್ಟಿತು. ಬರೆದವರು ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರೆನ್. ಸಂವಿಧಾನಕ್ಕೆ ನಿಷ್ಠೆಯ ಪ್ರಮಾಣ ಕೇಳುವುದು ಸರಿ. ಆದರೆ ಅದೇ ನೆಪದಲ್ಲಿ ಸದಸ್ಯನ ಪ್ರಾಮಾಣಿಕತೆ ಅಳೆದು, ಭಿನ್ನ ಅಭಿಪ್ರಾಯದವರನ್ನು ಬಹುಮತದವರು ಹೊರಗಿಡುವಂತಿಲ್ಲ. ಸಾಮಾನ್ಯ ಪ್ರಜೆಗೆ ಇರುವ ವಾಕ್ ಸ್ವಾತಂತ್ರ್ಯ ಶಾಸಕನಿಗೆ ಕಡಿಮೆಯಾಗುವುದಿಲ್ಲ. ತೀರ್ಪಿನ ತಿರುಳು ಇಷ್ಟು. ಸರಿಯಾದ ಮಾತೇ ಅಲ್ವಾ? ಸರ್ಕಾರದ ನೀತಿಯನ್ನು ಪ್ರಶ್ನಿಸಲಿ ಅಂತಲೇ ಜನ ಶಾಸಕನನ್ನು ಕಳಿಸುವುದು. 1967ರ ಜನವರಿಯಲ್ಲಿ ಬಾಂಡ್ ಪ್ರಮಾಣ ಸ್ವೀಕರಿಸಿದರು.

ತಡೆಯಲು ಹೋಗಿ ಸದನವೇ ಅವರನ್ನು ದೇಶಕ್ಕೆಲ್ಲ ಪರಿಚಯಿಸಿತ್ತು. 1968ರಲ್ಲಿ ಷಿಕಾಗೋದ ಡೆಮಾಕ್ರಟಿಕ್ ಪಕ್ಷದ ಸಮಾವೇಶದಲ್ಲಿ ದೇಶದ ಉಪಾಧ್ಯಕ್ಷ ಸ್ಥಾನಕ್ಕೆ ಅವರ ಹೆಸರು ಸೂಚಿಸಿದರು. 35 ತುಂಬಿರಬೇಕೆಂಬುದು ನಿಯಮ, ಅವರಿಗಾಗ 28. ಹಿಂದೆ ಸರಿದರು. 1975ರವರೆಗೆ ಕೆಳಮನೆ, ಆಮೇಲೆ 1987ರವರೆಗೆ ರಾಜ್ಯದ ಸೆನೆಟ್. ಅಟ್ಲಾಂಟಾದಲ್ಲಿ ಕಪ್ಪು ಮತದಾರರೇ ಹೆಚ್ಚಿರುವ ಸಂಸತ್ ಕ್ಷೇತ್ರ ಬೇಕೆಂದು ಹೋರಾಡಿದರು. 1986ರಲ್ಲಿ ಅಲ್ಲಿಂದಲೇ ಸ್ಪರ್ಧಿಸಿ, ಸ್ನಿಕ್ ಕಾಲದ ಗೆಳೆಯ ಜಾನ್ ಲೂಯಿಸ್ ಎದುರು ಸೋತರು. 1998ರಿಂದ 2010ರವರೆಗೆ, ಕಪ್ಪು ಜನರ ಹಕ್ಕುಗಳಿಗೆ ಹೋರಾಡುವ ಸಂಘಟನೆ ಎನ್‌ಎಎಸಿಪಿಯ ಅಧ್ಯಕ್ಷರಾಗಿದ್ದರು. 2015ರಲ್ಲಿ ತೀರಿಕೊಂಡರು.

ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಗೆದ್ದವನನ್ನು ಒಳಗೆ ಬಿಡದಿರುವುದು ಒಂದು. ಕೂತವನನ್ನು ಶಿಸ್ತಿನ ಹೆಸರಲ್ಲಿ ಹೊರಹಾಕುವುದು ಇನ್ನೊಂದು. 2023ರ ಏಪ್ರಿಲ್‌ನಲ್ಲಿ ಟೆನೆಸ್ಸಿ ಕೆಳಮನೆ ಎರಡನೆಯದನ್ನು ಮಾಡಿತು. ನ್ಯಾಷ್‌ವಿಲ್ ಶಾಲೆಯ ಗುಂಡಿನ ದಾಳಿಯ ನಂತರ ಬಂದೂಕು ನಿಯಂತ್ರಣಕ್ಕಾಗಿ ಸದನದಲ್ಲೇ ಘೋಷಣೆ ಕೂಗಿದ ಜಸ್ಟಿನ್ ಜೋನ್ಸ್, ಜಸ್ಟಿನ್ ಪಿಯರ್ಸನ್ ಎಂಬ ಇಬ್ಬರು ಕಪ್ಪು ಯುವಕರನ್ನು ಮೂರನೇ ಎರಡರಷ್ಟು ಬಹುಮತದಿಂದ ಉಚ್ಚಾಟಿಸಿತು. ಜೊತೆಗೇ ನಿಂತಿದ್ದ ಬಿಳಿಯ ಸದಸ್ಯೆ ಗ್ಲೋರಿಯಾ ಜಾನ್ಸನ್ ಒಂದೇ ಮತದಿಂದ ಉಳಿದರು. ಕೆಲವೇ ದಿನಗಳಲ್ಲಿ ಸ್ಥಳೀಯ ಮಂಡಳಿಗಳು ಜೋನ್ಸ್, ಪಿಯರ್ಸನ್ ಇಬ್ಬರನ್ನೂ ಮತ್ತೆ ನೇಮಿಸಿ ಕಳಿಸಿದವು. ಆಗಸ್ಟ್‌ನ ವಿಶೇಷ ಚುನಾವಣೆಯಲ್ಲಿ ಮತದಾರರೂ ಅವರನ್ನೇ ಗೆಲ್ಲಿಸಿದರು.