ಬೆನ್ನಿಗೇರುವ ಕ್ಯಾಫ್ಸ್: ಗಾಳಿ ಎಷ್ಟು, ಫೋಮ್ ಎಷ್ಟು?

ಕ್ಯಾಫ್ಸ್ ಎಂದರೆ ಒತ್ತಡದ ಗಾಳಿಯಿಂದ ನೊರೆ ಎಬ್ಬಿಸಿ ಬೆಂಕಿ ಆರಿಸುವ ವ್ಯವಸ್ಥೆ (ಕಂಪ್ರೆಸ್ಡ್ ಏರ್ ಫೋಮ್ ಸಿಸ್ಟಮ್). ವಾಟರ್ ಟೆಂಡರ್ (ಅಗ್ನಿಶಾಮಕ ದಳದ ನೀರಿನ ವಾಹನ) ನುಗ್ಗದ ಗಲ್ಲಿಗೆ ಒಬ್ಬನೇ ಹೊತ್ತೊಯ್ಯುವ ಯಂತ್ರವಿದು. ನೀರಿಗೆ ಫೋಮ್ (ನೊರೆ ಎಬ್ಬಿಸುವ ಸಾಬೂನಿನಂಥ ದ್ರವ) ಬೆರೆಸಿದ ದ್ರಾವಣವೂ ಒತ್ತಡದ ಗಾಳಿಯೂ ನಾಜಲ್‌ಗೆ ಮುಂಚೆಯೇ ಬೆರೆತು ನೊರೆಯಾಗುತ್ತವೆ. ಮಾಮೂಲಿ ಫೋಮ್ ಬ್ರಾಂಚ್ (ನೊರೆ ಚಿಮ್ಮುವ ಕೊಳವೆ) ಹೊರಗಿನ ಗಾಳಿಯನ್ನು, ಅಂದರೆ ಹೊಗೆಯನ್ನೂ, ಎಳೆದುಕೊಳ್ಳುತ್ತದೆ. ಇದಕ್ಕೆ ಆ ಪಾಡಿಲ್ಲ. ನೀರಿನ ಅಭಾವದ ಟೆಕ್ಸಾಸ್‌ನಲ್ಲಿ ಅರಣ್ಯ ಸಿಬ್ಬಂದಿ 1970ರ ದಶಕದಲ್ಲಿ ಕಾಗದ ಕಾರ್ಖಾನೆಯ ಪೈನ್ ಸೋಪಿನಿಂದ ಇಂಥ ನೊರೆ ಎಬ್ಬಿಸಿದ್ದರು.

ಭಾಗಗಳು: ದ್ರಾವಣದ ಟ್ಯಾಂಕ್, ಗಾಳಿ ಸಿಲಿಂಡರ್, ರೆಗ್ಯುಲೇಟರ್, ಮಿಕ್ಸರ್, ಹೋಸ್, ನಾಜಲ್. ಹೋಸ್ ಗಿಡ್ಡವಾದ್ದರಿಂದ ಗುಳ್ಳೆ ಕಟ್ಟುವ ಕೆಲಸವೆಲ್ಲ ಮಿಕ್ಸರ್ ಮೇಲೆಯೇ. ನಾಜಲ್ ನೇರ ಕೊಳವೆಯದೇ ಆಗಬೇಕು. ಮಂಜಿನಂತೆ ಸಿಂಪಡಿಸುವ ಫಾಗ್ ನಾಜಲ್ ಹಾಕಿದರೆ ಕಟ್ಟಿದ ಗುಳ್ಳೆ ಅಲ್ಲೇ ಒಡೆಯುತ್ತದೆ.

ಈಗ ಗಾಳಿಯ ಲೆಕ್ಕ. 9 ಲೀಟರ್ ದ್ರಾವಣ 7 ಪಟ್ಟು ಉಬ್ಬಿದರೆ 63 ಲೀಟರ್ ನೊರೆ. ಅದರಲ್ಲಿ ಗಾಳಿ 54 ಲೀಟರ್. ಆದರೆ ದ್ರಾವಣವನ್ನು ಹೊರದೂಡಲೂ ಗಾಳಿ ಬೇಕು. ಟ್ಯಾಂಕಿನ ಗೇಜ್ 7 ಬಾರ್ (ಬಾರ್ ಒತ್ತಡದ ಅಳತೆ, ವಾತಾವರಣದ್ದು ಸುಮಾರು 1 ಬಾರ್) ಎಂದರೆ ವಾತಾವರಣವೂ ಸೇರಿ 8 ಬಾರ್. ಖಾಲಿಯಾದ ಟ್ಯಾಂಕಿನಲ್ಲಿ, ಹೊರಗಿನ ಒತ್ತಡದ ಲೆಕ್ಕದಲ್ಲಿ, 9 × 8 = 72 ಲೀಟರ್ ಗಾಳಿ ಉಳಿದಿರುತ್ತದೆ. ನೊರೆಗಿಂತ ದೂಡುವುದಕ್ಕೇ ಹೆಚ್ಚು! ಒಟ್ಟು 126. 2 ಲೀಟರ್ ಸಿಲಿಂಡರ್ 200 ಬಾರ್‌ನಲ್ಲಿ ಸುಮಾರು 400 ಲೀಟರ್ ಕೊಡುತ್ತದೆ, ಒಂದು ಟ್ಯಾಂಕಿಗೆ 63 ಬಾರ್ ಇಳಿಯುತ್ತದೆ. ಕೊನೆಯ 10 ಬಾರ್ ರೆಗ್ಯುಲೇಟರ್‌ಗೆ ಸಾಲದು. ಹಾಗಾಗಿ ಸಿಲಿಂಡರ್ ಗೇಜ್ 75ಕ್ಕಿಂತ ಕೆಳಗಿದ್ದರೆ ಹೊಸ ಟ್ಯಾಂಕ್ ತುಂಬಿ ಬೆಂಕಿಯತ್ತ ಹೋಗಬೇಡಿ.

ಫೋಮ್: ಪೆಟ್ರೋಲಿನಂಥ ದ್ರವದ ಬೆಂಕಿಗೆ ಬಳಸುವ 3% ಎಎಫ್‌ಎಫ್‌ಎಫ್ ಆದರೆ 9 ಲೀಟರ್‌ಗೆ 270 ಮಿಲಿ, ಕಟ್ಟಿಗೆ, ಹುಲ್ಲು, ಹಾಸಿಗೆಗೆ ಬಳಸುವ ಎ ವರ್ಗದ ಫೋಮ್ 0.5% ಆದರೆ ಬರೀ 45 ಮಿಲಿ. ಕಣ್ಣಂದಾಜು ಬೇಡ, ಅಳತೆ ಲೋಟ ಇಟ್ಟುಕೊಳ್ಳಿ. ಮೊದಲು ನೀರು, ಆಮೇಲೆ ಫೋಮ್. ತಿರುಗಿಸಿ ಹಾಕಿದರೆ ಟ್ಯಾಂಕ್ ಬಾಯಿಯಲ್ಲೇ ನೊರೆ ಉಕ್ಕಿ ಜಾಗ ನುಂಗುತ್ತದೆ. ಎಥೆನಾಲ್ ಬೆರೆತ ಪೆಟ್ರೋಲಿಗೆ ಆಲ್ಕೋಹಾಲ್ ನಿರೋಧಕ ಬಗೆಯೇ ಸರಿ, ಏಕೆಂದರೆ ಎಥೆನಾಲ್ ನೊರೆಯೊಳಗಿನ ನೀರನ್ನು ಹೀರುತ್ತದೆ.

ಅತಿ ಸಾಮಾನ್ಯ ದೋಷ: ನಾಜಲ್ ಗೊರಗೊರ ಕೆಮ್ಮುತ್ತದೆ, ಹೋಸ್ ಜಗ್ಗುತ್ತದೆ. ಹೊಸಬರು ಗಾಳಿ ಸಾಲದೆಂದು ವಾಲ್ವ್ ಇನ್ನಷ್ಟು ತಿರುಗಿಸುತ್ತಾರೆ, ಕೆಮ್ಮು ಜೋರಾಗುತ್ತದೆ. ಕಾರಣ ಬಹುಪಾಲು ಫೋಮ್ ಕೊರತೆ, ಇಲ್ಲವೇ ಹಳಸಿದ ದ್ರಾವಣ. ಬೆಸೆಯುವ ಸಾಬೂನಿಲ್ಲದೆ ನೀರೊಂದು ತುಂಡು, ಗಾಳಿಯೊಂದು ತುಂಡು ಬರುತ್ತವೆ. ಗಾಳಿ ತಗ್ಗಿಸಿ, ದ್ರಾವಣ ನೋಡಿ. ಮುಚ್ಚಿದ ನಾಜಲ್ ಹಿಂದೆ ಒತ್ತಡದ ಗಾಳಿ ಕಾದಿರುತ್ತದೆ, ಒಮ್ಮೆಲೇ ತೆರೆದರೆ ಹಿಂದಕ್ಕೆ ಒದೆಯುತ್ತದೆ. ಕಾಲೂರಿ ನಿಧಾನ ತೆರೆಯಿರಿ.

ಚೆಲ್ಲಿದ ಪೆಟ್ರೋಲಿನ ನಡುವೆ ನೇರ ಹೊಡೆದರೆ ಅದು ಸಿಡಿದು ಹರಡುತ್ತದೆ. ಮುಂದಿನ ನೆಲಕ್ಕೋ ಹಿಂದಿನ ಗೋಡೆಗೋ ಹೊಡೆದು ನೊರೆ ಜಾರಿ ಹೊದೆಯಲು ಬಿಡಿ. ಬಾಣಲೆಯ ಎಣ್ಣೆಗೆ ಇದು ಬೇಡವೇ ಬೇಡ. ವಿದ್ಯುತ್ ಹರಿಯುವ ಉಪಕರಣಕ್ಕೆ ಮೊದಲು ಸಂಪರ್ಕ ಕಡಿಯಬೇಕು, ನೊರೆಯಲ್ಲಿ ನೀರಿದೆ.

ಮುಗಿದ ಮೇಲೆ ಸಿಲಿಂಡರ್ ಮುಚ್ಚಿ, ನಾಜಲ್ ತೆರೆದು ಗೇಜ್ ಸೊನ್ನೆಗಿಳಿದ ಬಳಿಕವೇ ಮುಚ್ಚಳಕ್ಕೆ ಕೈ ಹಾಕಿ. ಸಾದಾ ನೀರು ತುಂಬಿ ಒಮ್ಮೆ ಹರಿಸದಿದ್ದರೆ ಫೋಮ್ ಒಣಗಿ ಮಿಕ್ಸರ್ ಕಟ್ಟಿಕೊಳ್ಳುತ್ತದೆ. ಸಿಲಿಂಡರ್‌ಗೆ ಒಣ, ಶುದ್ಧ ಗಾಳಿ ಮಾತ್ರ. ಆಕ್ಸಿಜನ್ ಎಂದೂ ತುಂಬಕೂಡದು, ಎಣ್ಣೆ ಜಿಡ್ಡು ತಾಗಿದರೆ ಸ್ಫೋಟವಾದೀತು.